ಗೋದಾಮಿನ ಕಿಟಕಿಯ ಬೆಳಕು

ಮಾರ್ಚ್ ೪, ಬೆಳಿಗ್ಗೆ ೧೦
ಲ್ಯಾಬಿನ ಮೇಜಿನ ಮೇಲೆ ಮತ್ತೆ ಅದೇ ಫೋಟೊ, ಪೊಲೀಸರು ಪರೀಕ್ಷೆಗೆ ಕಳಿಸಿದ್ದು. ಗೋದಾಮಿಗೆ ಬೆಂಕಿ ಬೀಳುವ ಹತ್ತು ನಿಮಿಷ ಮೊದಲು, ಮುಸ್ಸಂಜೆಯಲ್ಲಿ, ಎದುರು ಮಹಡಿಯ ಮೇಷ್ಟ್ರು ಮೊಬೈಲಿನಲ್ಲಿ ತೆಗೆದದ್ದು. ಚಿತ್ರದ ತುಂಬ ತೆಳು ಮಂಜು. ಹೊಗೆಯಲ್ಲ; ಬೀದಿದೀಪದ ಬೆಳಕು ಲೆನ್ಸಿನೊಳಗೆ ಚೆಲ್ಲಾಡಿದ್ದು. ಫ್ಲೇರ್. ದೀಪದ ಸುತ್ತ ಸಾಲುಸಾಲು ಕೆಂಪು ಚುಕ್ಕೆ. ಕಿಡಿಯಲ್ಲ, ಸೆನ್ಸರಿನ ಪ್ರತಿಫಲನ. ಉಳಿದದ್ದು ಕಾವಲುಗಾರನ ಕೋಣೆಯ ಕಿಟಕಿಯಲ್ಲಿ ಒಂದು ಕಿತ್ತಳೆ ಬೆಳಕು. ಘೋಸ್ಟ್, ಅಂದರೆ ಲೆನ್ಸಿನೊಳಗೆ ಮೂಡಿದ ದೀಪದ್ದೇ ನಕಲು, ಇರಬಹುದೇ? ಹಾಗಿದ್ದರೆ ದೀಪದಿಂದ ಚಿತ್ರದ ನಟ್ಟನಡುವೆ ಹಾಯುವ ಗೆರೆಯ ಮೇಲೆ, ಆಚೆ ಅಷ್ಟೇ ದೂರದಲ್ಲಿ ಇರಬೇಕು. ಸ್ಕೇಲ್ ಇಟ್ಟೆ. ಗೆರೆಗೆ ಸೇರಲಿಲ್ಲ; ಅಂದರೆ ನಿಜವಾದ ಬೆಂಕಿಯೇ. ಒಲೆಯ ಉರಿ ಎಂದು ವರದಿ ಬರೆದು ಸಹಿ ಹಾಕಿದೆ.

ಮಾರ್ಚ್ ೧೧
ನನ್ನ ವರದಿ ನೋಡಿ ಕಾವಲುಗಾರನನ್ನು ಹಿಡಿದೊಯ್ದಿದ್ದಾರಂತೆ. ಲ್ಯಾಬಿನ ಬಾಗಿಲಿಗೆ ಅವನ ಹೆಂಡತಿ ಬಂದಿದ್ದಳು. ಕೂಗಾಡಲಿಲ್ಲ.
“ಅಕ್ಕಾ, ಆ ರೂಮಲ್ಲಿ ಒಲೆನೇ ಇಲ್ಲ. ಬುತ್ತಿ ನಾನೇ ಕಟ್ಟಿಕೊಡ್ತಿದ್ದೆ. ನೀವು ಕಣ್ಣಾರೆ ನೋಡಿದ್ರಾ?”
ನೋಡಿದ್ದು ಫೋಟೊ...

ಮಾರ್ಚ್ ೧೨, ಮಧ್ಯಾಹ್ನ
ತಡೆಯಲಾಗದೆ ಮೇಷ್ಟ್ರ ಮನೆಗೇ ಹೋದೆ. ಪಾಪ, ಮೊಬೈಲ್ ಮುಂದಿಟ್ಟರು. ಗೋದಾಮು ಚೆನ್ನಾಗಿ ಕಾಣಲಿ ಎಂದು ಒಂದು ಪಕ್ಕ ಕತ್ತರಿಸಿ ಕೊಟ್ಟಿದ್ದರಂತೆ! ನಾನು ಗೆರೆ ಎಳೆದದ್ದು ಕತ್ತರಿಸಿದ ಚಿತ್ರದ ನಡುವಿಗೆ. ಮೂಲ ಫೋಟೊ ಕೇಳಲೇ ಇಲ್ಲ. ಅಲ್ಲೇ ಪೂರ್ತಿ ಚಿತ್ರದ ಮೇಲೆ ಅಳೆದೆ. ಕಿತ್ತಳೆ ಬೆಳಕು ಗೆರೆಯ ಮೇಲೇ ಇದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ದೊಡ್ಡದು ಮಾಡಿದರೆ ಬೀದಿದೀಪದ್ದೇ ಆಕಾರ, ತಲೆಕೆಳಗಾಗಿ. ಲೆನ್ಸಿನ ಗಾಜುಗಳ ನಡುವೆ ಪುಟಿದು ಬಂದ ನಕಲಿ ಬೆಳಕು. ಹೊಸಬರಿಗೆ ಇದನ್ನು ಕಲಿಸುವವಳು ನಾನೇ.

ಮಾರ್ಚ್ ೧೩
ಲ್ಯಾಬಿನ ಸಾಹೇಬರಿಗೆ ಹೇಳಿದೆ. ಫೈಲು ಮುಚ್ಚಿ ನನ್ನ ಕಡೆ ತಳ್ಳಿದರು.
“ಒಂದು ತಪ್ಪು ಒಪ್ಕೊಂಡ್ರೆ ಹಳೇ ವರದಿಗಳನ್ನೆಲ್ಲ ಬಿಚ್ಚಬೇಕಾಗುತ್ತಮ್ಮ. ಹುತ್ತಕ್ಕೆ ಕೈ ಹಾಕ್ತಿದೀಯ.”
ಹಾಕಿದೆ. ಹೊಸ ವರದಿ ಸಂಜೆಯೇ ಹೋಯಿತು.

ಮಾರ್ಚ್ ೨೯
ಕಾವಲುಗಾರನನ್ನು ಬಿಟ್ಟರು. ಗೋಡೆಯೊಳಗಿನ ಹಳೆ ವೈರು ಸುಟ್ಟು ಬೆಂಕಿ ಹತ್ತಿತ್ತಂತೆ. ಅವನ ಹೆಂಡತಿ ಕೈಮುಗಿದಳು. ಆ ಕೈಯಲ್ಲಿ ನನಗೆ ಎರಡು ಬಾರಿಸಿದ್ದರೆ ಹಗುರಾಗುತ್ತಿತ್ತು.

ಏಪ್ರಿಲ್ ೨, ಬೆಳಿಗ್ಗೆ ೧೧
ಹಳೆಯ ಫೈಲುಗಳನ್ನು ಇಳಿಸಿಕೊಂಡೆ. ಯಾರೂ ಹೇಳಿರಲಿಲ್ಲ. ಮೂಲ ಫೋಟೊ ಇಲ್ಲದೆ ಸಹಿ ಹಾಕಿದವು ಇಲ್ಲಿಯವರೆಗೆ ಏಳು. ಏಳನೆಯ ವರದಿಯಿಂದ ಸಿಕ್ಕಿಬಿದ್ದ ಮನುಷ್ಯ ಎರಡು ವರ್ಷದಿಂದ ಜೈಲಿನಲ್ಲಿದ್ದಾನೆ. ಅವನ ಕಡೆಯವರು ಯಾರೂ ನನ್ನ ಬಾಗಿಲಿಗೆ ಬರಲಿಲ್ಲ, ಹಾಗಾಗಿ ನಾನೂ ಅವನ ಫೋಟೊವನ್ನು ಮತ್ತೆ ತೆರೆದು ನೋಡಿರಲಿಲ್ಲ.