ಮಸ್ಕಿ ಗುಡ್ಡದ ದುರ್ಬೀನು

ಲಿಂಗಸುಗೂರು
ತಾರಣ ಸಂವತ್ಸರ, ಪುಷ್ಯ ಬಹುಳ ತ್ರಯೋದಶಿ, ಶನಿವಾರ

ಮನೆಯವರಿಗೆ ನಮಸ್ಕಾರ.

ಮನೆಗೆ ಮರಳುವ ಮನಸ್ಸಿದ್ದರೆ ಶುಕ್ರವಾರ ಸಂಜೆ, ಜನರಿಗೆ ದುರ್ಬೀನು ತೋರಿಸುವಾಗ ಬಾ, ಬಂದವರ ದಫ್ತರದಲ್ಲಿ ನಿನ್ನ ಹೆಸರು ಹುಡುಕುತ್ತೇನೆ ಎಂದು ಬರೆದಿದ್ದಿರಿ. ನಿನ್ನೆ ನಾನು ಬಂದಿದ್ದೆ. ದಫ್ತರದಲ್ಲಿ ಹೆಸರಿಲ್ಲ, ಅದಕ್ಕೇ ಈ ಪತ್ರ.

ಜೊತೆಗೆ ಬಂದ ಸೋದರತ್ತೆ ಗುಡ್ಡದ ಕೆಳಗೆ ಗಾಡಿಯಲ್ಲೇ ಉಳಿದಳು. “ಶನಿ ತಾನಾಗೇ ಬರೂದು ಸಾಲದೇನಬೇ, ನಾವ ಹುಡುಕ್ಕೊಂಡು ಹೋಗಿ ನೋಡಬೇಕೇನು?” ಎಂದಳು. ಹೀಗಾಗಿ ವೇಧಶಾಲೆಯ ಡೇರೆಯ ಮುಂದೆ ಮುನಶಿ ಗಂಡನ ಹೆಸರು ಕೇಳಿದಾಗ ನನ್ನ ಪರವಾಗಿ ಹೇಳುವವರಿರಲಿಲ್ಲ. ನಿಮ್ಮ ಹೆಸರನ್ನು ನಾನೇ ಬಾಯಿಬಿಟ್ಟು ಹೇಗೆ ಹೇಳಲಿ? “ಗಂಡನ ಹೆಸರಿಲ್ಲದ ಬರಕೊಳ್ಳಾಕ ಬರೂದಿಲ್ಲವ್ವಾ. ಸುಮ್ನ ನೋಡಿ ಹೋಗು” ಎಂದು ಒಳಗೆ ಬಿಟ್ಟ.

ಒಳಗೆ ದೀಪ ಆರಿಸಿದ್ದಿರಿ. ನನ್ನ ಹಿಂದೆ ಮಸ್ಕಿಯ ಹಿರಿಯರು ಸಾಲಾಗಿ ನಿಂತಿದ್ದರು, ಮಾತಾಡಲಾಗಲಿಲ್ಲ. “ಕಣ್ಣು ಒತ್ತಬ್ಯಾಡ್ರಿ, ಶನಿ ಓಡಿ ಹೋಗಂಗಿಲ್ಲ. ಉಂಗುರ ಕಂಡಿತೇನ್ರಿ?” ಎಂದು ಪರರನ್ನು ಕೇಳುವಂತೆ ಕೇಳಿದಿರಿ. ಎರಡು ವರ್ಷದ ಮೇಲೆ ಕೇಳಿದ ದನಿ. ನಾನು ತಲೆಯಾಡಿಸಿದೆ. ಕತ್ತಲಲ್ಲಿ ನಿಮಗೆ ಕಂಡಿರಲಿಕ್ಕಿಲ್ಲ.

ನಿಮ್ಮ ತಾಯಿಯವರೊಡನೆ ಜಗಳವಾಡಿ ತವರಿಗೆ ಬಂದಾಗಿನ ಸಿಟ್ಟು ಈಗಿಲ್ಲ. ಸೋಮವಾರ ಡೇರೆ ಕಿತ್ತು ಹೈದರಾಬಾದಿಗೆ ಹೊರಡುವಿರಂತೆ. ಲಿಂಗಸುಗೂರು ನಿಮಗೆ ಸುತ್ತಿನ ದಾರಿ ಎಂದು ಬಲ್ಲೆ. ಆದರೂ ಬನ್ನಿ. ಟ್ರಂಕು ಕಟ್ಟಿಟ್ಟಿದ್ದೇನೆ. ಅಪ್ಪ ಊಟಕ್ಕೆ ನಿಲ್ಲಿರೆಂದು ಒತ್ತಾಯ ಮಾಡುತ್ತಾರೆ, ನಿಲ್ಲಬೇಡಿ. ಬುತ್ತಿ ಕಟ್ಟಿರುತ್ತೇನೆ, ದಾರಿಯಲ್ಲಿ ಉಣ್ಣೋಣ.

ಆದಮ್ಮ