ಗಂಗಾವತಿಯ ವಿರುಪಣ್ಣ ಸಾಹುಕಾರರ ಕಾರು

೮ ಜನವರಿ ೨೦೧೮, ಬೆಳಗ್ಗೆ

ಪಾರಮ್ಮ ಹಲಗೆ ಹೊತ್ತು ಬಂದಳು. ದಿನದ ಪೂಜೆ ಆರಂಭ. ಓಣಿಯ ತುದಿಯ ಹಂಪ್ಸಿಗೆ ಈಚೆ ಎರಡು ಹಲಗೆ, ಆಚೆ ಎರಡು. ನನ್ನ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನ ಸಂಬಂಧ. ನೇರ ಹೋದರೆ ಮುಂದಿನ ತುಟಿ ಕೆರೆಯುತ್ತದೆ. ಓರೆಯಾಗಿ ಹತ್ತಿಸಬೇಕು — ಒಂದು ಚಕ್ರ, ಒಂದು ಉಸಿರು, ಇನ್ನೊಂದು ಚಕ್ರ. ಹೊಸ ಸೊಸೆ ಹೊಸ್ತಿಲು ದಾಟುವ ಗಾಂಭೀರ್ಯ. ಇಟಲಿಯವರು ಇದನ್ನು ಗಾಳಿಯನ್ನು ಹಿಂದೆ ಹಾಕಲಿ ಅಂತ ಮಾಡಿದ್ದಂತೆ. ಕುಷ್ಟಗಿಯಲ್ಲಿ ಇದಕ್ಕೆ ಪಾರಮ್ಮನನ್ನು ಹಿಂದೆ ಹಾಕಲು ಆಗಿಲ್ಲ.

ಪಾರಮ್ಮ ಬಲೆ ಹೊದಿಸಿದ ನನ್ನ ನೆಟ್‌ಹೌಸಿನಲ್ಲಿ ಟೊಮ್ಯಾಟೊ ಕ್ರಾಸಿಂಗ್ ಮಾಡುವ ಹೆಂಗಸರ ಮುಂದಾಳು. ಇಪ್ಪತ್ತು ವರ್ಷ ಇಬ್ಬರೂ ಕೂಡಿ ಒಂದು ಹೂವಿನ ಪುಡಿ ಇನ್ನೊಂದು ಹೂವಿಗೆ ಹಚ್ಚಿ ಬೀಜ ಮಾಡಿದೆವು. ಈಗ ಅವಳಿಗೆ ಬಡ್ತಿ. ಹಲಗೆ ಇಲಾಖೆ.

ಎಂಜಿನ್ ಹಿಂದೆ, ಡಿಕ್ಕಿ ಮುಂದೆ, ಸೀಟು ಎರಡೇ. ಡಿಕ್ಕಿಯಲ್ಲಿ ಒಂದು ಬುತ್ತಿಗಂಟು, ಒಂದು ಕುಂಬಳಕಾಯಿ. ಎರಡನೇ ಕುಂಬಳಕಾಯಿ ಪಾರಮ್ಮನ ಮಡಿಲಲ್ಲಿ. ಹಲಗೆ ಕಿಟಕಿಯಾಚೆ.

ನೆಟ್‌ಹೌಸ್ ಮುಟ್ಟುವಷ್ಟರಲ್ಲಿ ಐದು ಜನ ಕೇಳಿದರು — ಮೈಲೇಜ್ ಎಷ್ಟು ಕೊಡತೈತ್ರಿ. ಎಮ್ಮಿಗೆ ಹಾಲೆಷ್ಟು ಅಂತ ಕೇಳ್ರಿ, ಗಿಳಿಗೆ ಕೇಳಬ್ಯಾಡ್ರಿ ಅಂದೆ. ಆರನೆಯವನು ಗಿಳಿಯ ಮೈಲೇಜ್ ಕೇಳಿದ.

೧೧ ಜನವರಿ

ಯಲಬುರ್ಗಾದ ಕಡೆಯ ಹಿರಿಯರೊಬ್ಬರು ಸಸಿ ಕೇಳಲು ಬಂದಿದ್ದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ. ಆಮೇಲೆ ಭಕ್ತಿಯಿಂದ — ‘ವಿರುಪಣ್ಣ ಸಾಹುಕಾರ್ರ ಗಾಡಿ ಅಲ್ಲೇನ್ರಿ ಇದು?’

ಯಾವ ವಿರುಪಣ್ಣ ಅಂದೆ.

‘ಗಂಗಾವತಿ ರೈಸ್‌ಮಿಲ್ಲಿನವ್ರು. ಗ್ಯಾನಪ್ಪನವರು ಹೇಳಿದ್ರಲ್ಲರಿ. ನಿಮ್ಮ ಮನಿ ಮುಂದ ನಿಂದ್ರಸಾಕ ಕೊಟ್ಟಾರಂತ.’

ಗ್ಯಾನಪ್ಪನವರು ಅಂದರೆ ನಮ್ಮನೆಯವರು. ಯಲಬುರ್ಗಾದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವವರು. ಮೂವತ್ತು ವರ್ಷದಲ್ಲಿ ಸಾರ್ವಜನಿಕರಿಂದ ಒಂದು ಕಪ್ ಚಹಾ ಕುಡಿದವರಲ್ಲ. ಅಂಥವರು ಒಬ್ಬ ಸಾಹುಕಾರನನ್ನು ಹುಟ್ಟಿಸಿದ್ದಾರೆ, ಮಿಲ್ ಸಮೇತ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. ರೊಟ್ಟಿ ಮುರಿಯುವುದು ನಿಂತಿತು. ಹೊಸ ವಾಚ್ ಕಟ್ಟಿಕೊಂಡು ಹೋದರೂ ಯಾರು ಕೊಟ್ಟರು ಅಂತ ಕೇಳುವ ಜಾಗವಂತೆ ಅವರ ಕಚೇರಿ. ಗುಮಾಸ್ತನ ಹೆಂಡತಿಗೆ ಇಂಥ ಕಾರು ಅಂದರೆ ಬೀಜದ ದುಡಿಮೆ ಅಂತ ಯಾರು ನಂಬುತ್ತಾರೆ. ನಾಳೆ ವಿಚಾರಣೆ, ನಾಡಿದ್ದು ಪೇಪರು. ರಿಟೈರ್ ಆಗಲು ಎರಡೇ ವರ್ಷ. ಅದಕ್ಕೆ ಬಾಯಿಗೆ ಬಂದ ಹೆಸರು ಹೇಳಿದರಂತೆ.

ನಕ್ಕೆ. ಇರಲಿ ಬಿಡಿ ಅಂದೆ. ಈ ವಾಕ್ಯಕ್ಕೆ ಅಡಿಗೆರೆ ಹಾಕಿ ಇಡಬೇಕು.

೧೯ ಜನವರಿ

ವಿರುಪಣ್ಣ ಬೆಳೆಯುತ್ತಿದ್ದಾನೆ. ಈ ಜಿಲ್ಲೆಯಲ್ಲಿ ಬರೀ ಹೆಸರಿನವನಾಗಿ ಯಾರಿಗೂ ಬದುಕಲು ಬರುವುದಿಲ್ಲ. ಯಾರ ಮನೆಯವ, ತಾಯಿಯ ತವರು ಯಾವುದು, ಹೆಣ್ಣು ಎಲ್ಲಿಂದ ತಂದರು — ಎಲ್ಲ ಬೇಕು. ಇವರು ದಿನಕ್ಕೊಂದು ಉತ್ತರ ಕೊಟ್ಟು ಬಂದಿದ್ದಾರೆ. ವಿರುಪಣ್ಣನಿಗೆ ಸಕ್ಕರೆ ಕಾಯಿಲೆ. ಇಬ್ಬರು ಗಂಡುಮಕ್ಕಳು. ಕಿರಿಯವನಿಗೆ ಮದುವೆ ಇಲ್ಲ. ಇದನ್ನು ಹೇಳಬಾರದಿತ್ತು. ಇವತ್ತು ಒಬ್ಬ ಶಿರಸ್ತೇದಾರರ ತಂಗಿಯ ಮಗಳ ಫೋಟೊ ಇವರ ಜೇಬಿನಲ್ಲಿ ಮನೆಗೆ ಬಂತು. ಹುಡುಗಿ ಛಲೋ ಇದ್ದಾಳೆ.

ಇನ್ನೊಬ್ಬರು ಮಿಲ್ಲಿನ ದರದಲ್ಲಿ ಸೋನಾ ಮಸೂರಿ ಕೇಳಿದ್ದಾರೆ. ನಮ್ಮ ಪ್ರಾಮಾಣಿಕ ಗುಮಾಸ್ತರು ಕುಷ್ಟಗಿ ಬಜಾರಿನಲ್ಲಿ ಅಕ್ಕಿ ಕೊಂಡು, ಚೀಲ ಬಸ್ಸಿನ ಮೇಲೆ ಹಾಕಿ, ಸಾಹುಕಾರರು ಕಳಿಸಿದರು ಅಂತ ಕೊಟ್ಟರು.

ಸುಳ್ಳಿನ ಮೈಲೇಜ್ ಚೆನ್ನಾಗಿದೆ.

೨೮ ಜನವರಿ, ಭಾನುವಾರ

ಬೆಳಕು ಹರಿಯುವ ಮುಂಚೆ ಹೊರಟೆ. ಓಣಿಯ ಹಂಪ್ಸು ದಾಟಿಸಿ ಪಾರಮ್ಮ ಹಿಂದೆ ಉಳಿದಳು. ಒಬ್ಬಳೇ. ಹೈವೇ ಖಾಲಿ.

ಮೂರನೇ ಗೇರ್. ನಾಲ್ಕು. ಬೆನ್ನ ಹಿಂದೆ ಎಂಜಿನ್ ಮೊದಲು ಗೊಣಗಿತು, ಆಮೇಲೆ ಗಂಟಲು ಬಿಚ್ಚಿತು. ಸೀಟು ಬೆನ್ನನ್ನು ಹಿಡಿದು ತಳ್ಳಿತು. ಹೊಟ್ಟೆ ಎಲ್ಲೋ ಹಿಂದಿನ ಊರಿನಲ್ಲಿ ಉಳಿಯಿತು. ಎರಡೂ ಕಡೆ ಎರೆಭೂಮಿ ಒಂದೇ ಕರಿ ಗೆರೆ. ನನಗೆ ಐವತ್ತೆರಡು ವರ್ಷ. ಗಂಟಲಿಂದ ಒಂದು ಕೂಗು ಬಂತು — ನನ್ನದೇ, ಗುರುತೇ ಸಿಗಲಿಲ್ಲ.

ಹಿಟ್ನಾಳ ಟೋಲಿನಲ್ಲಿ ಮತ್ತೆ ಮನುಷ್ಯಳಾದೆ. ಟೋಲಿನವನ ಕಿಟಕಿ ಆಕಾಶದಲ್ಲಿ, ನಾನು ಪಾತಾಳದಲ್ಲಿ. ದುಡ್ಡನ್ನು ಮೇಲೆತ್ತಿ ಅರ್ಪಿಸಿದೆ. ಅಮ್ಮಾರ, ಒಂದ ಸೆಲ್ಫಿ ಅಂದ. ಹಿಂದಿನ ಲಾರಿಯವರೂ ಇಳಿದು ಬಂದು ನಿಂತರು. ಗಿಣಿಗೇರಾದವರೆಗೆ ಹೋದೆ. ಫ್ಯಾಕ್ಟರಿಗಳ ಕೆಂಪು ಧೂಳು ಹಳದಿ ಕಾರಿನ ಮೇಲೆ ಕೂತು ಕಾರು ಮಾವಿನಹಣ್ಣಿನ ಬಣ್ಣಕ್ಕೆ ಬಂತು. ತೊಳೆಯಲು ಅರ್ಧ ದಿನ. ಮೆತ್ತನೆ ಬಟ್ಟೆ ಬೇಕು, ಹಳೆ ಸೀರೆ ನಡೆಯುವುದಿಲ್ಲವಂತೆ. ನಡೆಸಿದೆ.

ಯಾಕೆ ಕೊಂಡೆ ಅಂತ ಎಲ್ಲರಿಗೂ ಬೇಕು. ಹರಕೆಯಾ, ಜ್ಯೋತಿಷಿ ಹೇಳಿದನಾ, ತಲೆ ನೆಟ್ಟಗಿದೆಯಾ. ಹೈದರಾಬಾದಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಸೆಕೆಂಡ್‌ಹ್ಯಾಂಡ್ ಗಾಡಿ, ಬೀಜದ ದುಡಿಮೆಯಲ್ಲಿ ಕೊಂಡಿದ್ದ ಹೈವೇ ಪಕ್ಕದ ನನ್ನ ಪ್ಲಾಟು ಮಾರಿ ತಂದೆ. ಹೇಗೆ ಅನ್ನುವುದಕ್ಕೆ ಉತ್ತರ ಇದೆ. ಯಾಕೆ ಅನ್ನುವುದಕ್ಕೆ ಇಲ್ಲ. ಬೇಕಾಗಿತ್ತು. ಪಕ್ಕದ ಮನೆಯವರು ಮೂರನೇ ಟ್ರ್ಯಾಕ್ಟರ್ ತಂದಾಗ ಯಾರೂ ಕಾರಣ ಕೇಳಲಿಲ್ಲ, ಕಾಯಿ ಒಡೆದರು.

೬ ಫೆಬ್ರವರಿ

ಪಾರಮ್ಮ ಬೆಳಗಿನಿಂದ ಸಪ್ಪಗಿದ್ದಳು. ಗಿಡಗಳ ಸಾಲಿನ ನಡುವೆ ಕೂತಾಗ, ಹೂವಿನ ಮೇಲಿನ ಕಣ್ಣು ತೆಗೆಯದೆ ಹೇಳಿದಳು — ‘ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಆ ಸಾಹುಕಾರ ತನ್ನ ಗಾಡಿ ನಿಮ್ಮ ಕೈಯಾಗ ಯಾಕ ಕೊಟ್ಟಾನು ಅಂತ ಊರಾಗ ಮಾತಾಡಾಕತ್ತಾರ. ಯಾಕ ಅನ್ನೂದನ್ನ ಒಂಥರಾ ಅಂತಾರ.’

ನಗು ಬರಲಿಲ್ಲ.

೧೦ ಫೆಬ್ರವರಿ, ಎರಡನೇ ಶನಿವಾರ

ನಾಲ್ಕು ದಿನ ಈ ಪುಸ್ತಕ ತೆರೆಯಲಿಲ್ಲ. ನಮ್ಮನೆಯವರಿಗೆ ರಜೆ ಇರುವ ದಿನಕ್ಕಾಗಿ ಕಾದೆ.

‘ನಿಮ್ಮ ಹೆಸರ ಉಳಿಸ್ಕೊಳ್ಳಾಕ ನನಗ ಒಬ್ಬ ಗಂಡಸನ್ನ ಗಂಟ ಹಾಕಿ ಬಂದೀರಿ’ ಅಂದೆ.

ಅರ್ಥವಾದ ಮೇಲೆ ಮುಖ ಬಿಳುಚಿತು. ಅವರು ಅಷ್ಟು ದೂರ ಯೋಚಿಸಿರಲಿಲ್ಲ. ಅದು ಗೊತ್ತು. ಅದೇ ಸಿಟ್ಟು. ತಮ್ಮ ಮರ್ಯಾದೆಯ ಲೆಕ್ಕ ಹತ್ತು ವರ್ಷ ಮುಂದಿನತನಕ ಹಾಕಿದ ಮನುಷ್ಯನಿಗೆ ನನ್ನದು ನೆನಪಾಗಲಿಲ್ಲ.

ಕಡೆಗೆ ಮಾರಿಬಿಡು ಅಂದರು. ಗಾಡಿ ಹೋದರೆ ಮಾತೂ ಹೋಗುತ್ತದಂತೆ.

‘ಮಾರಿದ್ರ ಯಾರ ಗಾಡಿ ಮಾರಿದಂಗಾತ್ರಿ? ವಿರುಪಣ್ಣಂದು. ನಂದು ಅಂತ ಒಂದ ದಿನಾನೂ ಆಗಲಿಲ್ಲ.’

ಅತ್ತೆ ಹಂಪವ್ವ ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರು. ಎಂಬತ್ತು ದಾಟಿದ ಕಿವಿಗೆ ಬೇಕಾದದ್ದೆಲ್ಲ ಕೇಳಿಸುತ್ತದೆ. ‘ಗ್ಯಾನಪ್ಪಾ’ ಅಂದರು ಮಗನಿಗೆ, ‘ಆ ವಿರುಪಣ್ಣನ ಒಂದ ದಿನ ಊಟಕ್ಕ ಕರಕೊಂಡ ಬಾ. ನಾವೂ ನೋಡೂಣು.’

ಇವರು ಎದ್ದು ಹೊರಗೆ ಹೋದರು.

ನಾನು ಊಟಕ್ಕೆ ಕರೆಯುವುದಿಲ್ಲ. ಸೋಮವಾರ ಕೊಲ್ಲುತ್ತೇನೆ. ಯಲಬುರ್ಗಾದಲ್ಲಿ, ಹುಟ್ಟಿದ ಜಾಗದಲ್ಲೇ.

೧೨ ಫೆಬ್ರವರಿ, ರಾತ್ರಿ

ಕಾರು ತೊಳೆಯದೆಯೇ ಬರೆಯಲು ಕೂತೆ.

ಯಲಬುರ್ಗಾ ರಸ್ತೆಯಲ್ಲಿ ಹಳ್ಳಿಗೆರಡು ಹಂಪ್ಸು. ಪಾರಮ್ಮ ಇಳಿಯುವುದು, ಹಲಗೆ, ಹತ್ತುವುದು. ಅಷ್ಟು ಕೆಳಗಿನ ಸೀಟಿನಿಂದ ಏಳುವುದು ಬಾವಿಯಿಂದ ಏಳುವ ಹಾಗೆ. ಪ್ರತಿ ಸಲ ಅವಳು ಇಟಲಿಯ ತಾಯಂದಿರನ್ನು ನೆನೆದಳು. ಹಿಂದೆ ಬಸ್ಸು ಹಾರ್ನ್ ಹೊಡೆಯಿತು, ಮುಂದೆ ಹೋಯಿತು, ಕಿಟಕಿಗಳಿಂದ ಎಲ್ಲ ಕೈ ಬೀಸಿದರು. ಎರಡು ಎತ್ತಿನ ಗಾಡಿಗಳೂ ಮುಂದೆ ಹೋದವು. ಗಂಭೀರವಾಗಿ ದಾರಿ ಬಿಟ್ಟೆ.

ಕಚೇರಿಯ ಕಂಪೌಂಡಿನಲ್ಲಿ ನಿಲ್ಲಿಸಿದಾಗ ಮಧ್ಯಾಹ್ನದ ಊಟದ ಹೊತ್ತು. ಅರ್ಜಿ ಹಿಡಿದವರು, ಬರೆಯುವವರು, ಚಹಾದವರು, ಎಲ್ಲ ಹೊರಗೆ. ಶಿರಸ್ತೇದಾರರು ಓಡಿ ಬಂದು ಎಡಗಡೆಯ ಬಾಗಿಲಿಗೆ ಬಾಗಿ ಕೈಮುಗಿದರು. ಬಾಗಿಲು ರೆಕ್ಕೆಯ ಹಾಗೆ ಮೇಲೆದ್ದಿತು. ಒಳಗಿಂದ ವಿರುಪಣ್ಣನ ಬದಲು ಪಾರಮ್ಮ ಬಂದಳು.

ಇವರು ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಬುತ್ತಿಡಬ್ಬಿ.

ಮಾತು ಕಟ್ಟಿಕೊಂಡು ಹೋಗಿದ್ದೆ, ದಾರಿಪೂರ್ತಿ ಬಾಯಿಪಾಠ. ಒಂದೂ ಬರಲಿಲ್ಲ. ಇಷ್ಟೇ ಬಂತು — ‘ಎಲ್ಲಾರ ಮುಂದ ಹೇಳ್ರಿ. ಯಾರ ಗಾಡಿ ಇದು?’

ಈ ಕಾರಿಗೊಂದು ಕೆಟ್ಟ ಚಾಳಿ. ಎಂಜಿನ್ ಆರಿಸಿದ ಮೇಲೂ ಹಿಂದಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ. ಆ ಸದ್ದಿನಲ್ಲಿ ಏನು ಹೇಳಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಅವರಿಗೆ ಅದು ಗೊತ್ತಿತ್ತು. ಹೇಳಿದ ಹಾಗೆ ಮಾಡಿ ಒಳಗೆ ಹೋಗಬಹುದಿತ್ತು.

ಫ್ಯಾನು ನಿಲ್ಲುವವರೆಗೆ ಕಾದರು.

‘ಈಕಿದು. ನಮ್ಮನಿಯಾಕಿ ಶಿವಲಿಂಗಮ್ಮಂದು. ಬೀಜದಾಗ ದುಡದು ತಗೊಂಡಾಳ. ವಿರುಪಣ್ಣ ಅನ್ನಾಂವ ಯಾರೂ ಇಲ್ಲ. ಅಂಜಿ ನಾನ ಹುಟ್ಟಿಸಿದ್ದೆ.’

ಗುಂಪಿನ ಹಿಂದಿನಿಂದ ಯಾರೋ ಮೆಲ್ಲಗೆ — ‘ಹಂಗಾರ ಅಕ್ಕಿ?’

‘ಕುಷ್ಟಗಿ ಬಜಾರಿಂದು.’

ಶಿರಸ್ತೇದಾರರು ನಗಲಿಲ್ಲ. ತಂಗಿಯ ಮಗಳ ಫೋಟೊ ವಾಪಸ್ ಕೇಳಿದರು.

ಇವರು ಒಳಗೆ ಹೋಗಿ ತಮ್ಮ ಟೇಬಲ್ಲಿಗೆ ಕೂತರು. ಸಂಜೆ ಬಸ್ಸಿಗೇ ಬಂದರು. ನಾನೂ ಕರೆಯಲಿಲ್ಲ. ಊಟವಾಯಿತು. ರೊಟ್ಟಿ ಎರಡು ಹೆಚ್ಚು ತಿಂದರು.

೨೧ ಫೆಬ್ರವರಿ

ಅವರು ಅಂಜಿದ್ದು ಬಂತು. ಯಾರೋ ಮೂಗರ್ಜಿ ಹಾಕಿದ್ದಾರೆ. ಗುಮಾಸ್ತನ ಮನೆಗೆ ಇಷ್ಟು ದೊಡ್ಡ ಕಾರು ಎಲ್ಲಿಂದ ಬಂತು, ಸೋಮವಾರ ಕೊಪ್ಪಳಕ್ಕೆ ಬಂದು ವಿವರಣೆ ಕೊಡಿ ಅಂತ ಜಿಲ್ಲಾ ಕಚೇರಿಯ ಸಾಹೇಬರ ನೋಟಿಸು.

ನನ್ನ ಹಟಕ್ಕೆ ಅವರ ಮೂವತ್ತು ವರ್ಷ ಹೋದರೆ? ಇಲ್ಲಿ ತಮಾಷೆ ಬರೆಯಲು ಹೋದೆ, ಆಗಲಿಲ್ಲ. ಬೇಕಿದ್ದರೆ ಮಾರುತ್ತೇನೆ ಅಂದೆ. ಬಾಯಿ ಅಂದಿತು, ಹೊಟ್ಟೆ ಅನ್ನಲಿಲ್ಲ.

ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ‘ಈಗ ಮಾರಿದ್ರ ಕದ್ದ ಮಾಲು ಸಾಗಿಸಿದಂಗ ಆಗತೈತಿ. ಇರ್ಲಿ. ನಿಂದರ್ಲಿ ಮನಿ ಮುಂದ. ಕೇಳಾವ್ರು ಬಂದು ನೋಡ್ಲಿ.’

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಈ ದನಿ ಇವರಲ್ಲಿ ಎಲ್ಲಿತ್ತು. ಮೊದಲೇ ತೆಗೆದಿದ್ದರೆ ವಿರುಪಣ್ಣನ ಜೀವ ಉಳಿಯುತ್ತಿತ್ತೋ, ಹುಟ್ಟುತ್ತಲೇ ಇರಲಿಲ್ಲವೋ.

೨೬ ಫೆಬ್ರವರಿ, ಬೆಳಗ್ಗೆ

ಕೊಪ್ಪಳದ ದಿನ. ನನ್ನ ಟ್ಯಾಕ್ಸ್ ಕಾಗದ, ಪ್ಲಾಟಿನ ಕಾಗದ, ಬ್ಯಾಂಕಿನದು, ಎಲ್ಲ ಒಂದು ಚೀಲದಲ್ಲಿ. ಅದನ್ನು ತರಲು ಒಳಗೆ ಬಂದವಳು ನಿಂತೇ ಗೀಚುತ್ತಿದ್ದೇನೆ. ಬರೆಯದೆ ಹೋದರೆ ಸಂಜೆ ನಾನೇ ನಂಬುವುದಿಲ್ಲ.

ಬಸ್ಸಿಗೆ ಹೊತ್ತಾಯಿತು ಅಂದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬುತ್ತಿಡಬ್ಬಿ. ಇವರು ಸೀದಾ ಕಾರಿನ ಹತ್ತಿರ ಹೋಗಿ ನಿಂತರು. ಬಾಗಿಲು ಎತ್ತೂದೋ ಎಳಿಯೂದೋ ಅಂತ ಪಾರಮ್ಮನನ್ನು ಕೇಳಿದರು. ಒಳಗೆ ಇಳಿದರು — ಕೂರುವುದಲ್ಲ, ಇಳಿಯುವುದೇ. ಮೊಣಕಾಲು ಗದ್ದಕ್ಕೆ ಬಂತು. ಆ ಸಾಹೇಬರ ಕಚೇರಿಯ ಎದುರಿಗೇ ನಿಲ್ಲಿಸು ಅಂದರು. ಪಕ್ಕದ ಗಲ್ಲಿಯಲ್ಲಿ ಬೇಡವಂತೆ.

ಪಾರಮ್ಮ ಹೈವೇಯತನಕ ಹಲಗೆ ಹೊತ್ತು ಮುಂದೆ ನಡೆಯುತ್ತಾಳಂತೆ. ತನ್ನ ಸೀಟು ಇವರಿಗೆ ಬಿಟ್ಟುಕೊಟ್ಟಿದ್ದಾಳೆ, ಶಾಶ್ವತವಾಗಿ ಅಲ್ಲ ಅಂತ ಸ್ಪಷ್ಟಪಡಿಸಿದ್ದಾಳೆ. ಓಣಿಯೆಲ್ಲ ಬಾಗಿಲಲ್ಲಿ ನಿಂತಿದೆ. ಯಾರೋ ಅವರನ್ನೇ ಮೈಲೇಜ್ ಕೇಳುತ್ತಿದ್ದಾರೆ. ಅವರ ದನಿ ಕೇಳಿಸಿತು — ‘ಮಾಲಕರು ಒಳಗದಾರ, ಬರ್ಲಿ, ಅವ್ರನ್ನ ಕೇಳ್ರಿ.’

ಹಾರ್ನ್. ಅವರೇ ಒತ್ತಿದರು, ಕೈ ಚಾಚಿ. ಯಾರ ಮೇಲೂ ದನಿ ಏರಿಸದ ಮನುಷ್ಯ. ಬಂದೆ ಅಂದೆ. ಮತ್ತೆ ಒತ್ತುತ್ತಿದ್ದಾರೆ, ಉದ್ದಕ್ಕೆ, ಬಿಡುತ್ತಲೇ ಇಲ್ಲ, ಅತ್ತೆ ಬೇರೆ ಕೋಲು ಹಿಡಿದು ನಾನೂ ಬರ್ತೀನಿ ಅಂತ —