ಮೂಗಿನ ಸಹಿ

ಅಕ್ಕನ ಮನೆಯಿಂದ
ಬುಧವಾರ, ಮಧ್ಯಾಹ್ನ

ನಿಘಂಟುರಾಯರಿಗೆ,

ನಿಮ್ಮ ಕ್ಷೇಮ ಕೇಳುವ ಮನಸ್ಸಿಲ್ಲ, ಕೇಳುವುದಿಲ್ಲ. ನಿಮ್ಮ ತಂಗಿಯ ಸಮಾಚಾರ ಹೇಳುತ್ತೇನೆ, ಏಕೆಂದರೆ ಮೂರು ದಿನದಿಂದ ನೀವು ಆಸ್ಪತ್ರೆಯ ಕಡೆ ತಲೆ ಹಾಕಿಲ್ಲವಂತೆ. ವಾಂತಿ ನಿಂತಿದೆ. ನಿನ್ನೆ ದಿಂಬಿಗೆ ಒರಗಿ ಕುಳಿತು ಎರಡು ತುತ್ತು ತಿಂದಳು. ತಾಯಿಯ ಹಾಲು ಇನ್ನೂ ಕೆಲವು ದಿನ ಬೇಡ ಎಂದಿದ್ದಾರೆ ಡಾಕ್ಟರು. ಇಪ್ಪತ್ತೆರಡು ದಿನದ ಕೂಸು ಬಾಟಲಿಯ ರಬ್ಬರನ್ನು ಉಗುಳಿ ಉಗುಳಿ ಅಳುತ್ತದೆ.

ನಿಮ್ಮನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಕೋಪ ಎಂದು ಬರೆಯಲು ಹೊರಟಿದ್ದೆ. ಕೋಪವಾಗಿದ್ದರೆ ಇಷ್ಟು ಹೊತ್ತಿಗೆ ಇಳಿಯುತ್ತಿತ್ತು. ಇದು ಅರ್ಧ ಉಂಡಾದ ಮೇಲೆ ತಟ್ಟೆಯಲ್ಲಿ ಜಿರಲೆ ಕಂಡಂತೆ, ಉಂಡದ್ದೆಲ್ಲ ಹಿಂದಕ್ಕೆ ಬರುತ್ತದೆ. ಹನ್ನೊಂದು ವರ್ಷ ಉಂಡಿದ್ದೇನೆ ನಾನು.

ನೀವು ನನ್ನನ್ನು ಗೆದ್ದದ್ದೇ ಸೊಪ್ಪುಗಳ ಆ ಇಂಗ್ಲಿಷ್ ಹೆಸರುಗಳಿಂದ. ನಮ್ಮ ಕಷಾಯ ಕಂಪನಿಯ ಪ್ಯಾಕಿಂಗ್ ಕೋಣೆಯ ಜರಡಿಗಳ ನಡುವೆ ಬುತ್ತಿ ಬಿಚ್ಚಿ ಕೂತಾಗ, ಲೇಬಲ್ ಬರೆಯುವ ಗುಮಾಸ್ತರಾದ ನೀವು ನಿಘಂಟು ತೆಗೆಯುತ್ತಿದ್ದಿರಿ. ಸೇಜ್ ಅಂದರೆ ಒಂದು ಸೊಪ್ಪು, ಋಷಿ ಅಂದರೂ ಸೇಜ್. ಮಿಂಟ್ ಪುದೀನವೂ ಹೌದು, ನಾಣ್ಯ ಅಚ್ಚು ಹಾಕುವ ಟಂಕಸಾಲೆಯೂ ಹೌದು. ರೋಸ್‌ಮೆರಿಯ ಹುಟ್ಟು ಹುಡುಕಿದರೆ ಸಮುದ್ರದ ಇಬ್ಬನಿ ಸಿಗುತ್ತದಂತೆ. ರೂ ಅಂದರೆ ಒಂದು ಗಿಡ, ಮಾಡಿದ್ದಕ್ಕೆ ಮರುಗುವುದೂ ರೂ. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಒಂದು ಹೆಸರಿಗೆ ಇಷ್ಟು ಅರ್ಥ ತಿಳಿದವನು ಒಂದು ಹೆಣ್ಣಿನ ಮನಸ್ಸನ್ನೂ ತಿಳಿದಾನು ಎಂದುಕೊಂಡೆ. ಬುದ್ಧಿಗೆ ಮಂಕು ಕವಿದಿತ್ತು.

ಹಾಲೂಡಿಸುವ ತಾಯಂದಿರ ಕಷಾಯಕ್ಕೆ ನಾವು ಹಾಕುವುದು ಗೋಟ್ಸ್ ರೂ. ಬರಿ ರೂ ಅಂದರೆ ನಾಗದಾಳಿ, ಕುಲಗೋತ್ರವೇ ಬೇರೆ, ಅದು ಬಾಣಂತಿಯ ಬಾಯಿಗೆ ಹೋಗಬಾರದ್ದು. ಅದು ನಿಮಗೂ ಗೊತ್ತು, ನನಗೂ ಗೊತ್ತು. ಮಾಲು ತರಿಸುವ ಚೀಟಿಯಲ್ಲಿ ಹೆಸರಿನ ಕಾಲಮ್ಮು ಬೆರಳಗಲ. ಅದಕ್ಕಾಗಿ ಎಲ್ಲ ಹೆಸರಿನ ಬಾಲವನ್ನಷ್ಟೇ, ಕೊನೆಯ ಪದವನ್ನಷ್ಟೇ, ಬರೆಯುವುದು ನಮ್ಮಲ್ಲಿ ವಾಡಿಕೆ. ನೀವು ರೂ ಎಂದು ಬರೆದಿರಿ, ಹೊಸ ವ್ಯಾಪಾರಿ ರೂ ಕಳಿಸಿದ. ಇಷ್ಟೇ ಆಗಿದ್ದರೆ ತಪ್ಪು ಎನ್ನಬಹುದಿತ್ತು. ಮನುಷ್ಯರು ಮಾಡುವಂಥದ್ದು, ನಾನೂ ಮಾಡಿದ್ದೇನೆ.

ಆದರೆ ವ್ಯಾಪಾರಿಯ ಕಾಗದದಲ್ಲಿ ಗಿಡದ ಲ್ಯಾಟಿನ್ ಹೆಸರು ಸ್ಪಷ್ಟವಾಗಿತ್ತು. ಮಾಲು ಡಬ್ಬಿಗೆ ತುಂಬಿ ಹೊರಟ ಎರಡನೇ ದಿನವೇ ಅದನ್ನು ನೋಡಿದಿರಿ. ನೋಡಿ, ಕಾಗದವನ್ನು ಮಡಿಸಿ, ಮೇಜಿನ ಖಾನೆಗೆ ತಳ್ಳಿ, ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತಿರಿ. ಉಪ್ಪು ಕಡಿಮೆ ಎಂದು ಗೊಣಗಿದ್ದೂ ನೆನಪಿದೆ ನನಗೆ.

ಆಮೇಲೆ ಕಷಾಯ ನಿಮ್ಮ ತಂಗಿಯ ಹೊಟ್ಟೆಗೇ ಹೋಯಿತು. ಅವಳನ್ನು ಆಸ್ಪತ್ರೆಗೆ ಒಯ್ದ ಬೆಳಿಗ್ಗೆ ನೀವು ಅವಳ ಮನೆಗೆ ಹೋಗಿ ಡಬ್ಬಿಯನ್ನು ಮೋರಿಗೆ ಸುರಿದು, ತೊಳೆದು, ಕೂಸಿನ ಬಟ್ಟೆಯಿಂದಲೇ ಒರೆಸಿ ಬೋರಲು ಹಾಕಿ ಬಂದಿರಿ. ಡಾಕ್ಟರ ಮುಂದೆ ನಿಂತು, ಹಳಸಿದ್ದು ಏನೋ ತಿಂದಿರಬೇಕು ಎಂದಿರಿ. ಅವರು ಒಂದು ಇಡೀ ದಿನ ಹಳಸಿದ ಊಟಕ್ಕೆ ಔಷಧ ಕೊಟ್ಟರು. ನಿಮ್ಮ ತಂಗಿಗೆ ನಿಮ್ಮ ಕೈವಾಡ ಇವತ್ತಿಗೂ ಗೊತ್ತಿಲ್ಲ. ಅಣ್ಣ ಪಾಪ, ಅಡುಗೆಮನೆ ಎಲ್ಲಾ ತೊಳೆದುಕೊಟ್ಟಿದಾನೆ ಅತ್ತಿಗೆ, ಎಂದು ನನ್ನ ಕೈ ಹಿಡಿದು ಹೇಳಿದಳು. ಎದ್ದು ಹೊರಗೆ ಬಂದೆ. ಅಲ್ಲಿ ಕೂರಲಾಗಲಿಲ್ಲ.

ನೀವು ಸೋಸುವ ಜಾಲರಿಯನ್ನು ಮರೆತಿರಿ, ರಾಯರೇ. ಅದರಲ್ಲಿ ಅಂಟಿದ್ದ ಎಲೆಯನ್ನು ತಟ್ಟೆಯ ನೀರಿನಲ್ಲಿ ಬಿಡಿಸಿದೆ. ಗೋಟ್ಸ್ ರೂ ಎಲೆ ಚೂಪು. ಇದು ಪುಟ್ಟ ಚಮಚದ ಹಾಗೆ ದುಂಡಗಿತ್ತು. ನೇರ ಡಾಕ್ಟರ ಹತ್ತಿರ ಒಯ್ದೆ, ಔಷಧ ಬದಲಾಯಿತು. ಸಂಜೆ ನಿಮ್ಮೆದುರು ಅದೇ ತಟ್ಟೆ ಇಟ್ಟೆ. ಅತ್ತುಬಿಡುತ್ತೀರಿ ಎಂದುಕೊಂಡಿದ್ದೆ. ನೀವು ಕಾಗದ ನೋಡಿದ್ದು, ಡಬ್ಬಿ ತೊಳೆದದ್ದು ಎಲ್ಲ ಒಪ್ಪಿಕೊಂಡು, ನಿಘಂಟು ತೆಗೆದಿರಿ. ನೋಡು, ಇದೂ ರೂ ಅದೂ ರೂ, ಲೇಬಲ್ಲಿನಲ್ಲೂ ಬರಿ ರೂ ಅಂತಲೇ ಇದೆ, ಸುಳ್ಳೇನೂ ಇಲ್ಲ, ಯಾರು ಕೇಳಿದರೂ ನಿಲ್ಲುತ್ತೆ ಎಂದಿರಿ. ಅದೇ ಪುಟ, ಅದೇ ಬೆರಳು. ಅವತ್ತೇ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಬಂದೆ.

ನಾನು ಹೊರಡುವಾಗ ನೀವು ಬಾಗಿಲಲ್ಲಿ ನಿಂತು ನೆನಪಿಸಿದಿರಿ, ಆ ರೂ ಮೂಟೆಯ ತಪಾಸಣೆ ಚೀಟಿಯ ಮೇಲೆ ನಿನ್ನ ಸಹಿಯೂ ಇದೆ ಎಂದು. ಇದೆ. ಎಲೆಯನ್ನು ಅಂಗೈಯಲ್ಲಿ ತಿಕ್ಕಿ, ಮೂಸಿ, ನಾನು ಸಹಿ ಹಾಕದೆ ಯಾವ ಮೂಟೆಯ ಮಾಲನ್ನೂ ಬೆರೆಸುವುದಿಲ್ಲ. ಅವತ್ತು ಕೆಲಸ ಹೆಚ್ಚಿತ್ತು. ಆ ಮಾತು ಈಗ ಬೇಡ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಅಕ್ಕ ಹೊಲಿಗೆ ಯಂತ್ರದ ಕೋಣೆ ಬಿಟ್ಟುಕೊಟ್ಟಿದ್ದಾಳೆ. ನಿನ್ನೆ ನಾನು ಒಲೆಯ ಪಕ್ಕದಲ್ಲೇ ಬೆನ್ನು ಹಾಕಿ ಕೂತಿದ್ದಾಗ ಹಾಲು ಸೀದು ಪಾತ್ರೆ ಕರಕಲಾಯಿತು. ಅವಳು ಹಿತ್ತಲಿನಿಂದ ಓಡಿಬಂದು, ಬೀದಿಗೆಲ್ಲ ವಾಸನೆ ಬಡೀತಿದೆ, ನೀನೇನು ಕಲ್ಲಾಗಿ ಕೂತಿದೀಯ ಎಂದು ಬೈದಳು. ಯೋಚನೆಯಲ್ಲಿದ್ದೆ ಎಂದೆ.

ಈಗ ಮುಖ್ಯ ಮಾತು. ಆ ಮಾಲಿನ ಡಬ್ಬಿಗಳು ಇನ್ನೂ ಅಂಗಡಿಗಳಲ್ಲಿವೆ. ಯಾರೋ ಒಬ್ಬ ಬಾಣಂತಿ ಇವತ್ತು ನೀರು ಕುದಿಯಲು ಇಟ್ಟಿರಬಹುದು. ಶುಕ್ರವಾರದವರೆಗೆ ಕಾಯುತ್ತೇನೆ, ನೀವೇ ಹೋಗಿ ಬಾಯಿ ಬಿಡಿ ಎಂದು ಬರೆಯಬೇಕೆಂದು ಈ ಕಾಗದಕ್ಕೆ ಕೂತೆ. ಬರೆಯುತ್ತ ಬರೆಯುತ್ತ ಆ ಕೆಲಸವನ್ನು ನಿಮ್ಮ ಕೈಗೆ ಬಿಡುವುದಕ್ಕೂ ಅಸಹ್ಯವಾಯಿತು. ಇದರ ಇನ್ನೊಂದು ಪ್ರತಿ ಮಾಡಿದ್ದೇನೆ. ಇದನ್ನು ಅಂಚೆಗೆ ಹಾಕಿ, ಅದನ್ನು ಈಗಲೇ ಆಹಾರ ಇಲಾಖೆಯ ಅಧಿಕಾರಿಯ ಕೈಯಲ್ಲಿ ಕೊಡುತ್ತೇನೆ.

ಸದ್ಯಕ್ಕೆ ಇನ್ನೂ ನಿಮ್ಮ ಹೆಂಡತಿ,
ಪ್ಯಾಕಿಂಗ್ ಕೋಣೆಯವರೆಲ್ಲ ಕರೆಯುವ ಹಾಗೆ,
ಮೂಗಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಎಂಟು ತಿಂಗಳ ಹಿಂದೆ ಆ ಜ್ವರ ಬಂದು ಹೋಯಿತಲ್ಲ, ಅಂದಿನಿಂದ ನನಗೆ ಯಾವ ವಾಸನೆಯೂ ತಿಳಿಯುವುದಿಲ್ಲ. ನಾಗದಾಳಿಯ ನಾತ ಬಾಗಿಲಾಚೆಗೂ ಬಡಿಯುತ್ತದೆ. ಆ ಮೂಟೆಗೆ ಮುಖ ಕೊಟ್ಟು ನಿಂತೆ, ಏನೂ ತಿಳಿಯಲಿಲ್ಲ, ಸಹಿ ಹಾಕಿದೆ. ಕೆಲಸ ಹೋದೀತೆಂದು ಎಂಟು ತಿಂಗಳು ಹೀಗೇ ಹಾಕಿದ್ದೇನೆ. ನಿಮ್ಮ ತಂಗಿ ಇನ್ನೊಂದು ಮಾತೂ ಹೇಳಿದಳು. ಕಷಾಯ ವಾಕರಿಕೆ ಬರೋ ಹಾಗೆ ನಾರ್ತಿತ್ತು ಅತ್ತಿಗೆ, ಚೆಲ್ಲೋಣ ಅಂದ್ಕೊಂಡೆ, ಆದ್ರೆ ನೀವು ಮೂಸಿ ಕಳಿಸಿದ್ದಲ್ವಾ, ಅದಕ್ಕೇ ಕಣ್ಮುಚ್ಚಿ ಕುಡಿದೆ, ಅಂದಳು. ನಿಮಗೆ ಕಳಿಸುವ ಪ್ರತಿಯಲ್ಲಿ ಇದು ಕೊನೆಗೆ ಬಂತು. ಅಧಿಕಾರಿಯ ಪ್ರತಿಯಲ್ಲಿ ಇದನ್ನೇ ಮೊದಲು ಬರೆದಿದ್ದೇನೆ.